ನನ್ನನ್ನು ನಡೆಯಗೊಡದ ಮೊಪೆಡ್ಡಿಗೆ

ಶ್ರೀಮಾನ್ ಮೊಪೆಡ್ ಅವರ ಸನ್ನಿಧಾನಕ್ಕೆ,
ಹನುಮಂತಯ್ಯನವರ ತೋಟದ ಮನೆ, ಜಗಲಿಯ ಪಕ್ಕ,
ಪುಷ್ಪಗಿರಿ ರಸ್ತೆ, ಹಳೇಬೀಡು.

ಮಾನ್ಯರೇ,

ತಮ್ಮ ಪ್ಲಗ್ಗು, ಚೈನು, ಎರಡೂ ಚಕ್ರಗಳು, ಹಿಂದಿನ ಸೀಟಿಗೆ ಮೆತ್ತೆಯಾಗಿ ಕಟ್ಟಿರುವ ಗೋಣಿಚೀಲ, ಅದರ ಅಕ್ಕಪಕ್ಕ ತೂಗುವ ಹಾಲಿನ ಕ್ಯಾನುಗಳು ಸಕಲವೂ ಕ್ಷೇಮವೆಂದು ನಂಬಿ, ಹೊಗೆ ಕೊಳವೆಯಿಂದ ಹೆಡ್‌ಲೈಟಿನವರೆಗೆ ತಮಗೆ ನಮಸ್ಕಾರಗಳನ್ನು ಅರ್ಪಿಸಿ, ಹಳೇಬೀಡಿನ ಬಾಡಿಗೆದಾರನೂ ಸಕ್ಕರೆ ಕಾಯಿಲೆಯವನೂ ಆದ ನಟರಾಜ್ ಎಂಬ ನಾನು ಈ ಬಹಿರಂಗ ಪತ್ರವನ್ನು ಬರೆದುಕೊಳ್ಳುತ್ತಿದ್ದೇನೆ. ಗುಟ್ಟಾಗಿ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಗುಟ್ಟಾಗಿ ಬರೆದ ಪತ್ರವನ್ನು ಈ ಊರು ಹತ್ತು ಸಲ ಓದುತ್ತದೆ, ಬಹಿರಂಗ ಪತ್ರವನ್ನಾದರೆ ಒಂದು ಸಲ ಓದಿ ಬೋಂಡ ಕಟ್ಟಿಕೊಳ್ಳುತ್ತದೆ ಎಂಬ ಲೆಕ್ಕಾಚಾರ ನನ್ನದು.

ದೂರನ್ನು ತಮ್ಮ ಮಾಲೀಕರಾದ ಹನುಮಂತಯ್ಯನವರಿಗೆ ಕೊಡದೆ ತಮಗೇಕೆ ಕೊಡುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹನುಮಂತಯ್ಯನವರ ಮೇಲೆ ದೂರು ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ. ತಮ್ಮ ಮೇಲಾದರೆ ಎರಡು ದೂರುಗಳಿವೆ, ಒಂದು ಹಳೆಯದು, ಒಂದು ಹೊಸದು. ಹೊಸದನ್ನು ಹೇಳಿಕೊಳ್ಳಲು ನಾಚಿಕೆಯಾಗುವುದರಿಂದ ಹಳೆಯದನ್ನೇ ಮೊದಲು ವಿಸ್ತಾರವಾಗಿ ಹೇಳುತ್ತೇನೆ, ಸಹಿಸಿಕೊಳ್ಳಬೇಕು.

ನಾನು ಹುಟ್ಟಿದ್ದು ಬಾಣಾವರದಲ್ಲಿ. ನಮ್ಮ ತಂದೆ ದ್ಯಾವಯ್ಯನವರು ಅಲ್ಲಿ ರೈಲ್ವೆ ಕೆಲಸದಲ್ಲಿದ್ದರು. ಓದಿಗೆಂದು ಅರಸೀಕೆರೆಗೂ ನೌಕರಿಗೆಂದು ಬೆಂಗಳೂರಿಗೂ ಹೋದವನು, ನಿವೃತ್ತಿಯಾಗುವವರೆಗೂ ಅಲ್ಲೇ ಮೂರನೇ ಮಹಡಿಯ ಮನೆಯೊಂದರಲ್ಲಿ, ಪಕ್ಕದವರ ಕುಕ್ಕರ್ ಕೂಗಿದರೆ ನಮ್ಮ ಒಲೆ ಆರಿಸಲು ಎದ್ದು ಹೋಗುವಷ್ಟು ಇಕ್ಕಟ್ಟಿನಲ್ಲಿ ಬಾಳಿದೆ. ನಿವೃತ್ತನಾದ ಮೇಲೆ ಸಕ್ಕರೆ ಏರಿತು, ಅದರ ಜೊತೆಗೆ ಮಾತೂ ಏರಿತು. ಬೆಂಗಳೂರಿನ ಗಾಳಿ ಗಾಳಿಯೇ ಅಲ್ಲ, ನೀರು ನೀರೇ ಅಲ್ಲ, ಚಿಕ್ಕ ಊರಿನವರಿಗೆ ರೋಗವೆಂದರೇನೆಂದೇ ಗೊತ್ತಿಲ್ಲ ಎಂದು ಸಿಕ್ಕ ಸಿಕ್ಕವರಿಗೆಲ್ಲ ಕೊರೆಯುತ್ತಿದ್ದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ನನ್ನ ಹೆಂಡತಿ ಮಾಲಿನಿ, ಹಾಗಿದ್ದರೆ ಊರಿನ ನೆಂಟರೆಲ್ಲ ಆಸ್ಪತ್ರೆಗೆಂದು ಬಂದು ನಮ್ಮ ಮನೆಯಲ್ಲೇಕೆ ಉಳಿದುಕೊಳ್ಳುತ್ತಾರೆ ಎಂದು ಒಂದೇ ಒಂದು ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿಲ್ಲದ್ದರಿಂದ ನಾನು ಇನ್ನಷ್ಟು ಜೋರಾಗಿ ಮಾತಾಡಿದೆ. ಕೊನೆಗೆ ಅವಳು ಒಂದು ಕರಾರಿನ ಮೇಲೆ ಒಪ್ಪಿದಳು. ಹಳೇಬೀಡಿನಲ್ಲಿ ಮನೆ ಮಾಡುವುದು, ದೀಪಾವಳಿ ಕಳೆದ ಮೇಲೆ ನನ್ನ ರಕ್ತ ಪರೀಕ್ಷೆ ಮಾಡಿಸುವುದು, ಸಕ್ಕರೆ ಇಳಿದಿದ್ದರೆ ಇಲ್ಲೇ ಉಳಿಯುವುದು, ಇಳಿಯದಿದ್ದರೆ ಬೆಂಗಳೂರಿಗೆ ವಾಪಸಾಗುವುದು ಮತ್ತು ನಾನು ಉಸಿರಿರುವವರೆಗೆ ಗಾಳಿಯ ವಿಷಯ ಎತ್ತದಿರುವುದು.

ನ್ಯಾಯವಾಗಿ ಹೇಳಬೇಕೆಂದರೆ ಬೆಂಗಳೂರಿನಲ್ಲಿ ನಡಿಗೆಗೆ ಏನೂ ಅಡ್ಡಿಯಿರಲಿಲ್ಲ. ಪಾರ್ಕಿನಲ್ಲಿ ಎಷ್ಟು ಸುತ್ತು ಹೊಡೆದರೂ ಯಾರೂ ಮಾತನಾಡಿಸುತ್ತಿರಲಿಲ್ಲ. ಒಮ್ಮೆ ತಲೆಸುತ್ತಿ ಹುಲ್ಲಿನ ಮೇಲೆ ಬಿದ್ದಾಗಲೂ ಮಾತನಾಡಿಸಲಿಲ್ಲ. ನಾನು ಶವಾಸನ ಹಾಕಿದ್ದೇನೆಂದು ಭಾವಿಸಿ ಒಬ್ಬ ಮಹನೀಯರು ಪಕ್ಕದಲ್ಲೇ ಚಾಪೆ ಹಾಸಿಕೊಂಡು ತಾವೂ ಮಲಗಿದ್ದರು. ಎಚ್ಚರವಾದ ಮೇಲೆ ಮೈ ಕೊಡವಿಕೊಂಡು ಮನೆಗೆ ಬಂದೆ. ಇದನ್ನು ಮಾಲಿನಿಗೆ ಹೇಳಲಿಲ್ಲ.

ಹಳೇಬೀಡಿಗೆ ಬಂದ ಮಾರನೆಯ ಬೆಳಗ್ಗೆ ಹೊಸ ಬೂಟು ಹಾಕಿಕೊಂಡು, ಎದೆ ತುಂಬ ಉಸಿರೆಳೆದುಕೊಂಡು ಪುಷ್ಪಗಿರಿ ರಸ್ತೆಯಲ್ಲಿ ಹೊರಟೆ. ಊರು ದಾಟಿರಲಿಲ್ಲ, ಹಿಂದಿನಿಂದ ತಮ್ಮ ಘನ ಧ್ವನಿ ಕೇಳಿಸಿತು. ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನುಗಳೊಂದಿಗೆ ತೋಟಕ್ಕೆ ಮರಳುತ್ತಿದ್ದ ತಾವು ನನ್ನ ಪಕ್ಕದಲ್ಲಿ ಬಂದು ನಿಂತಿರಿ. ತಮ್ಮ ಮೇಲೆ ಕುಳಿತಿದ್ದ ಹನುಮಂತಯ್ಯನವರು, ಎಲ್ಲಿಗೆ ಹೊರಟಿರಿ ಎಂದರು. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದೆ. ಮಾನ್ಯರೇ, ಅಲ್ಲೇ ನಾನು ಕೆಟ್ಟದ್ದು. ಯಾವುದಾದರೂ ಊರಿನ ಹೆಸರು ಹೇಳಿದ್ದರೆ ಅಲ್ಲಿ ಇಳಿಸಿ ಹೋಗುತ್ತಿದ್ದರು. ಎಲ್ಲಿಗೂ ಹೋಗದ ಮನುಷ್ಯನನ್ನು ಎಲ್ಲಿ ಇಳಿಸುವುದು? ಹೀಗಾಗಿ ಸೀದಾ ತೋಟದ ಮನೆಗೇ ಕರೆದುಕೊಂಡು ಹೋದರು. ಅವರ ಪತ್ನಿ ವೆಂಕಟಲಕ್ಷ್ಮಮ್ಮನವರು ಬೆಲ್ಲದ ಕಾಫಿ ಕೊಟ್ಟರು, ಅಕ್ಕಿರೊಟ್ಟಿ ಹಾಕಿದರು, ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು, ನನಗೆ ಸಕ್ಕರೆ ಕಾಯಿಲೆ ಎಂದಾಗ ಅದಕ್ಕೇ ಅಲ್ಲವೇ ಬೆಲ್ಲ ಹಾಕಿರುವುದು ಎಂದು ಧೈರ್ಯ ತುಂಬಿದರು. ಆಮೇಲೆ ತಾವು ನನ್ನನ್ನು ಮನೆಯ ಬಾಗಿಲಿಗೆ ತಂದು ಬಿಟ್ಟಿರಿ. ವಾಕಿಂಗ್ ಹೇಗಿತ್ತು ಎಂದು ಮಾಲಿನಿ ಕೇಳಿದಳು. ಗಾಳಿ ಬಹಳ ಚೆನ್ನಾಗಿದೆ ಎಂದೆ. ತಮ್ಮ ಮೇಲೆ ಕುಳಿತಷ್ಟು ಹೊತ್ತೂ ಗಾಳಿ ಬೀಸಿದ್ದು ನಿಜವಾದ್ದರಿಂದ ಆ ಮಾತನ್ನು ಸುಳ್ಳೆನ್ನುವಂತಿಲ್ಲ.

ಅಂದಿನಿಂದ ತಾವು ತೋರಿಸಿದ ಸೇವಾನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಕೈಯೊಡ್ಡಿದರೂ ನಿಲ್ಲದ ವಾಹನಗಳಿರುವ ಈ ಕಾಲದಲ್ಲಿ ಕೈಯನ್ನು ಜೇಬಿನಲ್ಲಿಟ್ಟುಕೊಂಡವನಿಗೂ ನಿಲ್ಲುವ ವಾಹನ ತಾವೊಬ್ಬರೇ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳಬಲ್ಲೆ. ನಾನು ಬೇಗ ಹೊರಟರೆ ತಾವೂ ಬೇಗ ಬಂದಿರಿ. ತಡವಾಗಿ ಹೊರಟರೆ ಮನೆಯ ಮುಂದೆಯೇ ಬಂದು ಹಾರನ್ ಮಾಡಿ, ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡಿರಿ. ತಮ್ಮ ಕಣ್ಣು ತಪ್ಪಿಸಿ ಬೇಲೂರು ರಸ್ತೆಗೆ ಹೋದರೆ ಅಲ್ಲಿ ಚನ್ನಪ್ಪ ಎಂಬುವರ ಟ್ರ್ಯಾಕ್ಟರ್ ನಿಂತಿತು. ಹೊಯ್ಸಳೇಶ್ವರ ಗುಡಿಯ ಸುತ್ತಲಾದರೂ ನಡೆಯೋಣವೆಂದು ಹೋದರೆ, ಶಿಲ್ಪದ ಕಡೆ ಕಣ್ಣೆತ್ತಿಯೂ ನೋಡದೆ ಗಿರಗಿರ ಸುತ್ತುತ್ತಿದ್ದ ನನ್ನನ್ನು ಕಂಡು ಅಲ್ಲಿನ ಗೈಡೊಬ್ಬರ ಕರುಳು ಚುರುಕ್ಕೆಂದು, ಆನೆಗಳ ಸಾಲಿನಿಂದ ಶುರುಮಾಡಿ ಪುಕ್ಕಟೆಯಾಗಿ ವಿವರಿಸತೊಡಗಿದರು. ಒಂದೊಂದು ಆನೆಯ ಮುಂದೂ ನಿಂತು ನಿಂತು ಕಾಲು ನೋಯಿತೇ ಹೊರತು ನಡೆದಂತಾಗಲಿಲ್ಲ.

ಒಂದು ದಿನ ತಮ್ಮ ಸದ್ದು ಕೇಳಿದ ಕೂಡಲೇ ಲಂಟಾನ ಪೊದೆಯ ಹಿಂದೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತೆ. ತಾವು ಪೊದೆಯ ಮುಂದೆಯೇ ನಿಂತಿರಿ. ಹನುಮಂತಯ್ಯನವರು ಎಂಜಿನ್ ಆರಿಸಿ, ಮರ್ಯಾದಸ್ಥರಾದ್ದರಿಂದ ನನಗೆ ಬೆನ್ನು ತಿರುಗಿಸಿ, ಎದುರಿನ ರಾಗಿ ಹೊಲ ನೋಡುತ್ತ ನಿಂತರು. ನಾನು ಎಷ್ಟು ಹೊತ್ತು ಕುಳಿತೆನೋ ಅಷ್ಟು ಹೊತ್ತೂ ನಿಂತರು. ಎದ್ದು ಬಂದಾಗ ಕೈಗೆ ನೀರು ಹಾಕಿದರು. ಮನೆಯ ಮುಂದೆ ಇಳಿಸುವಾಗ ಮೆಲ್ಲಗೆ, ಬಾಡಿಗೆ ಮನೆಯಲ್ಲಿ ಪಾಯಿಖಾನೆ ಸರಿಯಿಲ್ಲವೇ ಎಂದು ಕೇಳಿದರು. ಸಂಜೆ ಮನೆಯ ಮಾಲೀಕರೇ ಬಂದು, ಚೆನ್ನಾಗಿಯೇ ಇರುವ ಪಾಯಿಖಾನೆಯ ಬಾಗಿಲನ್ನು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿ, ನನ್ನ ಮುಖವನ್ನೂ ಒಮ್ಮೆ ನೋಡಿ ಹೋದರು.

ಆ ದಿನಗಳಲ್ಲಿ ನಾನು ತಮಗೊಂದು ಮನವಿ ಸಲ್ಲಿಸು­ವವನಿದ್ದೆ. ಬೆಳಗಿನ ಒಂದು ಗಂಟೆಯ ಮಟ್ಟಿಗೆ ತಾವು ದಯಮಾಡಿ ಪಂಚರ್ ಆಗಿರಬೇಕು, ಆಗದಿದ್ದರೆ ಅಷ್ಟು ಹೊತ್ತು ಪೆಟ್ರೋಲ್ ಸೇವನೆಯನ್ನು ತ್ಯಜಿಸಬೇಕು, ಅದೂ ಆಗದಿದ್ದರೆ ತಮ್ಮ ಬ್ರೇಕು ನನ್ನ ಪಕ್ಕಕ್ಕೆ ಬಂದಾಗ ಮಾತ್ರ ಹಿಡಿಯದಿರಲಿ ಎಂದು. ಆ ಮನವಿಯನ್ನು ಸಲ್ಲಿಸಿ ಸುಮ್ಮನಿದ್ದರೆ ಚೆನ್ನಾಗಿತ್ತು. ನನ್ನ ಬುದ್ಧಿ ಬೇರೆ ಕಡೆ ಓಡಿತು.

ಪುಷ್ಪಗಿರಿ ಬೆಟ್ಟದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತವರು ಇದೇ ರಸ್ತೆಯಲ್ಲಿ ಬರಿಗಾಲಿನಲ್ಲಿ ನಡೆದು ಹೋಗುತ್ತಾರೆ. ಅವರನ್ನು ಯಾರೂ ಗಾಡಿಗೆ ಹತ್ತಿಸಿಕೊಳ್ಳುವುದಿಲ್ಲ, ಹತ್ತಿಸಿಕೊಂಡರೆ ಹರಕೆ ಕೆಡಿಸಿದ ಪಾಪ ಗಾಡಿಯವರಿಗೆ. ತಾವು ಸಹ ಅವರ ಪಕ್ಕದಲ್ಲಿ ಸದ್ದಡಗಿಸಿಕೊಂಡು ನಿಧಾನವಾಗಿ ಹಾದುಹೋಗುವುದನ್ನು ತಮ್ಮ ಹಿಂದಿನ ಸೀಟಿನಲ್ಲಿ ಕುಳಿತು ಖುದ್ದಾಗಿ ನೋಡಿದ್ದೆ. ನಮ್ಮ ಮನೆಯಲ್ಲಿ ಹರಕೆಯ ರೂಢಿಯೇ ಇಲ್ಲ. ತಂದೆಯವರು ಬೌದ್ಧರಾದವರು, ದಿನಾ ಬೆಳಗ್ಗೆ ಪಂಚಶೀಲ ಹೇಳಿಸಿಯೇ ನಮಗೆ ತಿಂಡಿ ಕೊಡಿಸುತ್ತಿದ್ದವರು, ಸುಳ್ಳು ಹೇಳುವುದಿಲ್ಲ ಎಂಬುದು ಆ ಐದರಲ್ಲಿ ಒಂದು. ಹರಕೆಯನ್ನು ನಂಬದ, ಸುಳ್ಳು ಹೇಳಬಾರದ ನಾನು ಒಂದು ಸೋಮವಾರ ಬೂಟು ಮನೆಯಲ್ಲೇ ಬಿಟ್ಟು ಹೊರಟು, ತಾವು ಬಂದು ನಿಂತಾಗ, ದೀಪಾವಳಿಯವರೆಗೆ ದಿನಾ ಬೆಟ್ಟಕ್ಕೆ ನಡೆಯುವ ಹರಕೆ ಹೊತ್ತಿದ್ದೇನೆ ಎಂದುಬಿಟ್ಟೆ. ಎರಡು ತಪ್ಪೂ ಒಂದೇ ಮಾತಿನಲ್ಲಿ ಮುಗಿದವು.

ಹನುಮಂತಯ್ಯನವರು ಕೂಡಲೇ ತಮ್ಮ ಮೇಲಿಂದ ಇಳಿದು, ತಲೆಗೆ ಸುತ್ತಿದ್ದ ಟವೆಲು ತೆಗೆದು, ಹರಕೆ ಯಾರಿಗಾಗಿ ಎಂದು ಕೇಳಿದರು. ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ನನಗೇ ಎಂದಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಆರೋಗ್ಯದ ಬಗ್ಗೆ ಊರಿಗೆಲ್ಲ ಭಾಷಣ ಮಾಡಿದವನು ತನ್ನ ಸಕ್ಕರೆಗೆ ಹರಕೆ ಹೊತ್ತನೆಂದರೆ ಮರ್ಯಾದೆಯ ಪ್ರಶ್ನೆ. ಮನೆಯವಳಿಗೆ ಹುಷಾರಿಲ್ಲ ಎಂಬ ಮಾತು ಬಾಯಿಂದ ಜಾರಿತು. ಅವರ ಮುಖ ಬಾಡಿಹೋಯಿತು. ಏನು ಕಾಯಿಲೆ ಎಂದು ಸಹ ಅವರು ಕೇಳಲಿಲ್ಲ.

ಆ ಬೆಳಗ್ಗೆ, ಜಲ್ಲಿಕಲ್ಲು ಅಂಗಾಲಿಗೆ ಚುಚ್ಚುತ್ತಿದ್ದರೂ, ನಾನು ಮದುವಣಿಗನಂತೆ ನಡೆದೆ. ಹರಕೆಯವನನ್ನು ಗಾಡಿಗೆ ಹತ್ತಿಸುವಂತಿಲ್ಲ ಎಂಬುದೇನೋ ಸರಿ, ಆದರೆ ಹಸಿದು ಕಳಿಸಬೇಕೆಂದು ಯಾರೂ ಹೇಳಿಲ್ಲವಲ್ಲ, ದಾರಿಯ ಮನೆಗಳಿಂದ ಪಾನಕ ಬಂತು, ಬಾಳೆಹಣ್ಣು ಬಂತು, ತಂಬಿಟ್ಟು ಬಂತು. ಬೇಡವೆಂದರೆ ಹರಕೆಯ ಮೇಲೆ ಅನುಮಾನ ಬರುತ್ತದೆಂದು ಎಲ್ಲವನ್ನೂ ಭಕ್ತಿಯಿಂದ ನುಂಗಿದೆ.

ಮಾರನೆಯ ಬೆಳಗ್ಗೆ ರಸ್ತೆಯ ತಿರುವಿನಲ್ಲಿ ತಾವು ಸ್ಟ್ಯಾಂಡ್ ಹಾಕಿಸಿಕೊಂಡು ನಿಂತಿದ್ದಿರಿ. ಪಕ್ಕದಲ್ಲಿ ಹನುಮಂತಯ್ಯನವರು ಬರಿಗಾಲಿನಲ್ಲಿ ನಿಂತಿದ್ದರು. ಅವರ ಮಂಡಿನೋವು ತಮಗೆ ಗೊತ್ತೇ ಇದೆ, ಹಾಲು ಕರೆಯಲು ಕುಳಿತರೆ ಹಸುವಿನ ಬೆನ್ನು ಹಿಡಿದೇ ಏಳಬೇಕು. ಬೇಡವೆಂದು ಕೈಮುಗಿದೆ, ಗದರಿದೆ, ಅವರು ಕೇಳಲಿಲ್ಲ. "ಒಬ್ರೇ ಹೊತ್ಕಂಡ್ರೆ ಭಾರ ಆಯ್ತದೆ ಸಾ. ಅಮ್ಮಾವ್ರಿಗೆ ನನ್ ಕಡೀಂದೂ ನಡಿಗೆ ಇರ್ಲಿ" ಎಂದು ಹೆಜ್ಜೆ ಹಾಕಿಯೇಬಿಟ್ಟರು. ಬೆಟ್ಟದ ಮೇಲೆ, ದೇವರ ಮುಂದೆ ಅವರು ಕಣ್ಣು ಮುಚ್ಚಿ ಮಾಲಿನಿಯ ಹೆಸರು ಹೇಳಿ ಬೇಡಿಕೊಳ್ಳುವಾಗ ನಾನು ಪಕ್ಕದಲ್ಲಿ ನಿಂತು ಕಂಬ ನೋಡುತ್ತಿದ್ದೆ. ಆಗಲೇ ನಿಜ ಹೇಳಬೇಕಿತ್ತು. ನಾಚಿಕೆಯಿಂದ ಭೂಮಿಗಿಳಿದುಹೋಗಿದ್ದೆ, ಆದರೂ ನಡಿಗೆ ಒಳ್ಳೆಯದೇ ಆಗುತ್ತಿದೆ ಎಂದು ಮನಸ್ಸಿನ ಒಂದು ಮೂಲೆ ಖುಷಿಪಡುತ್ತಿತ್ತು. ನನ್ನ ಮನಸ್ಸು ಅಂಥದ್ದು, ಮಾನ್ಯರೇ.

ಇತ್ತ ಮಾಲಿನಿಗೆ ಹುಷಾರಿಲ್ಲವೆಂಬ ಸುದ್ದಿ ಮಾದಿಹಳ್ಳಿಯವರೆಗೂ ಹೋಗಿ, ಅಲ್ಲಿಂದ ಇನ್ನಷ್ಟು ಕೈಕಾಲು ಮೂಡಿಸಿಕೊಂಡು ವಾಪಸು ಬಂತು. ಹೆಂಗಸರು ಗಂಜಿ ತಂದರು, ಎಳನೀರು ತಂದರು, ಕಷಾಯ ತಂದರು, ದೇವರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಗೋಡೆಯ ಮೇಲಿನ ಬುದ್ಧನ ಪಟಕ್ಕೂ ದಾಸವಾಳ ಮುಡಿಸಿದರು. ತನಗೆ ಕಾಯಿಲೆ ಎಂಬುದು ಮಾಲಿನಿಗೆ ಗೊತ್ತಾದದ್ದೇ ಅವರಿಂದ, ಅದೂ ಒಬ್ಬರು ಗರ್ಭಕೋಶವೆಂದರೆ ಇನ್ನೊಬ್ಬರು ಹೃದಯವೆಂದರು. ಅವಳು ಎಲ್ಲರನ್ನೂ ಕೂರಿಸಿ, ಕಾಫಿ ಕೊಟ್ಟು ಕಳಿಸಿ, ನನ್ನನ್ನು ಅಡುಗೆಮನೆಗೆ ಕರೆದು, "ಏನ್ರೀ ಆಗಿದೆಯಂತೆ ನನಗೆ?" ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. ಬೆಳಗ್ಗೆ ತಾನೇ ತೋಟಕ್ಕೆ ಹೋಗಿ ಕ್ಷಮೆ ಕೇಳಿ ಬರುವುದಾಗಿಯೂ, ಆಮೇಲೆ ದೀಪಾವಳಿಗೆ ಕಾಯದೆ ಗಂಟುಮೂಟೆ ಕಟ್ಟುವುದಾಗಿಯೂ ಹೇಳಿದಳು.

ಅದೇ ಸಂಜೆ ವೆಂಕಟಲಕ್ಷ್ಮಮ್ಮನವರು ತಮ್ಮ ಸೊಸೆ ನಯನಾಳನ್ನು ಕರೆದುಕೊಂಡು ಬಂದರು. ನಯನಾ ನರ್ಸು, ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು, ಅತ್ತೆಯ ಒತ್ತಾಯಕ್ಕೆ ರಕ್ತದೊತ್ತಡ ನೋಡುವ ಉಪಕರಣವನ್ನೂ ಚೀಲದಲ್ಲಿ ತಂದಿದ್ದಳು. ನಮ್ಮ ಮರ್ಯಾದೆ ಇನ್ನಷ್ಟು ಹೋಗದಿರಲೆಂದು ಮಾಲಿನಿ ಸುಮ್ಮನೆ ಕೈ ಚಾಚಿದಳು. ನಯನಾ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಇನ್ನೊಂದು ಕೈಗೆ ಸುತ್ತಿದಳು. ತಲೆನೋವು ಬರುತ್ತದೆಯೇ ಎಂದು ಕೇಳಿದಳು. ಹೋದ ವರ್ಷದಿಂದ ದಿನಾ ಬೆಳಗ್ಗೆ ಬರುತ್ತದೆ, ಕನ್ನಡಕ ಬದಲಾಯಿಸಬೇಕೇನೋ ಎಂದುಕೊಂಡಿದ್ದೆ ಎಂದಳು ಮಾಲಿನಿ. ಪಕ್ಕದಲ್ಲೇ ಕುಳಿತಿದ್ದ ನಾನು ಆ ತಲೆನೋವಿನ ವಿಷಯ ಕೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಕಾಯಿಲೆಯ ಕುರ್ಚಿ ಒಂದೇ ಇತ್ತು, ಅದರಲ್ಲಿ ಸದಾ ನಾನೇ ಕುಳಿತಿರುತ್ತಿದ್ದೆ. ನಯನಾ ಅವಳನ್ನು ಎದ್ದು ಓಡಾಡಲು ಬಿಡದೆ, ಕಾರು ತರಿಸಿ ಹಾಸನಕ್ಕೆ ಕರೆದುಕೊಂಡು ಹೋದಳು. ಈ ಒತ್ತಡ ಇಟ್ಟುಕೊಂಡು ಇಷ್ಟು ದಿನ ಲಕ್ವ ಹೊಡೆಯದೆ ಓಡಾಡಿದ್ದೇ ಅದೃಷ್ಟ ಎಂದು ಅಲ್ಲಿನ ಡಾಕ್ಟರು ಹೇಳುವಾಗ ನಾನು, ಆಸ್ಪತ್ರೆಗೆ ಹೊರಟ ಅಭ್ಯಾಸಬಲದಿಂದ, ನನ್ನ ಸಕ್ಕರೆಯ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ.

ಮರಳುವ ದಾರಿಯಲ್ಲಿ ಮಾಲಿನಿ ಕಾರಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನೀವು ಒಂದು ದಿನ ಕೇಳಲಿಲ್ಲ. ಸುಳ್ಳಿಗಾದರೂ ಈ ಊರಿನವರು ಬಂದು ಕೇಳಿದರು" ಎಂದಳು. ಈ ಸಲ ನಾನು ಜೋರಾಗಿ ಮಾತಾಡದೆ, ಕಂಕುಳಲ್ಲಿದ್ದ ಫೈಲನ್ನು ಸೀಟಿನ ಕೆಳಗೆ ಸರಿಸಿದೆ.

ಅವಳು ವಿಶ್ರಾಂತಿಯಲ್ಲಿದ್ದುದರಿಂದ ತೋಟಕ್ಕೆ ನಾನೇ ಹೋದೆ. ಹನುಮಂತಯ್ಯನವರು ಗೂಟದ ಮುಂದೆ ನಿಂತು ತೆಂಗಿನಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಮುಖವರಳಿಸಿ, ಅಮ್ಮಾವ್ರು ಹೇಗಿದ್ದಾರೆ ಎಂದರು. ಗುಣವಾಗುತ್ತಿದ್ದಾರೆ ಎಂದು ಹೇಳಿ, ಹರಕೆ ಸುಳ್ಳು, ಕಾಯಿಲೆಯನ್ನೂ ನಾನು ಸುಳ್ಳೇ ಹೇಳಿದ್ದು, ನಡೆಯಲಿಕ್ಕೆ ಬಿಡಲೆಂದು ಅಷ್ಟೆಲ್ಲ ಮಾಡಿದೆ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು ಕೆಳಗಿಟ್ಟರು. "ನನ್ ಮಂಡಿ ಹಾಳಾಗ್ಲಿ ಬುಡಿ ಸಾ. ಮಲ್ಲಿಕಾರ್ಜುನನ ಮುಂದೆ ಅಮ್ಮಾವ್ರ ಹೆಸ್ರು ಹೇಳಿ ಕೈ ಮುಗ್ದಿವ್ನಿ. ಪಕ್ಕದಾಗೇ ನಿಂತ್ಕಂಡು ನೋಡ್ತಾ ಇದ್ರಲ್ಲ ನೀವು" ಎಂದರು. ಇನ್ನೊಂದು ಕಾಯಿ ಎತ್ತಿಕೊಂಡರು. ವೆಂಕಟಲಕ್ಷ್ಮಮ್ಮನವರು ಬಾಗಿಲಿನವರೆಗೆ ಬಂದವರು ಒಳಗೆ ಹೋದರು, ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಕಾಫಿ ಕುಡಿಯದೆ ನಾನು ಎದ್ದು ಬಂದದ್ದು ಅದೇ ಮೊದಲು.

ಈಗ ಹೊಸ ದೂರಿಗೆ ಬರುತ್ತೇನೆ. ಮಾರನೆಯ ಬೆಳಗ್ಗೆ ಬೂಟು ಹಾಕಿಕೊಂಡು ಹೊರಟೆ. ಹಿಂದಿನಿಂದ ತಮ್ಮ ಸದ್ದು ಬಂತು. ನಾನಾಗಿಯೇ ರಸ್ತೆಯ ಅಂಚಿಗೆ ಸರಿದು ನಿಂತೆ, ಹತ್ತಲು ಅನುಕೂಲವಾಗಲೆಂದು ಪ್ಯಾಂಟನ್ನೂ ಸ್ವಲ್ಪ ಎತ್ತಿ ಹಿಡಿದುಕೊಂಡಿದ್ದೆ. ತಾವು ನಿಲ್ಲಲಿಲ್ಲ. ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಹನುಮಂತಯ್ಯನವರು ತಲೆಯಾಡಿಸುತ್ತಾರೆ, ನಮಸ್ಕಾರ ಎನ್ನುತ್ತಾರೆ, ಮರ್ಯಾದೆಗೆ ಏನೂ ಕೊರತೆಯಿಲ್ಲ. ಖಾಲಿ ಸೀಟಿನ ಗೋಣಿಚೀಲ ಮಾತ್ರ ನನ್ನ ಮುಂದೆಯೇ ಹಾದು, ತಿರುವಿನಲ್ಲಿ ಮರೆಯಾಗುತ್ತದೆ. ಸುದ್ದಿ ಬೇಲೂರು ರಸ್ತೆಗೂ ಮುಟ್ಟಿರಬೇಕು, ಚನ್ನಪ್ಪನವರ ಟ್ರ್ಯಾಕ್ಟರಿಗೂ ಈಗ ಅವಸರ. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿದೆ. ಇಡೀ ರಸ್ತೆ ನನ್ನದು, ಗಾಳಿ ನನ್ನದು, ಯಾರೂ ಮಾತನಾಡಿಸುವುದಿಲ್ಲ.

ದೀಪಾವಳಿ ಕಳೆಯಿತು, ರಕ್ತ ಪರೀಕ್ಷೆಯೂ ಆಯಿತು. ಸಕ್ಕರೆ ಇಳಿದಿದೆ, ಡಾಕ್ಟರು ಬೆನ್ನು ತಟ್ಟುವಷ್ಟು ಇಳಿದಿದೆ. ಕರಾರಿನಂತೆ ನಾನು ಗೆದ್ದೆ. ರಿಪೋರ್ಟನ್ನು ಮಾಲಿನಿಯ ಮುಂದೆ ಇಟ್ಟಾಗ ಅವಳು ಓದಿ, ಸಂತೋಷವಾಯಿತೇ ಎಂದು ಕೇಳಿದಳು. ಇಳಿಯದಿದ್ದರೂ ತಾನು ಈ ಊರು ಬಿಟ್ಟು ಬರುತ್ತಿರಲಿಲ್ಲವೆಂದೂ, ಬೇಕಾದರೆ ನಾನೊಬ್ಬನೇ ಬೆಂಗಳೂರಿಗೆ ಹೋಗಬಹುದೆಂದೂ, ಅಲ್ಲಿಯೂ ನಡಿಗೆಗೆ ಯಾರೂ ಅಡ್ಡ ಬರುವುದಿಲ್ಲವೆಂದೂ ಹೇಳಿದಳು. ಪಾರ್ಕಿನ ಹುಲ್ಲಿನ ಮೇಲೆ ಬಿದ್ದ ಸಂಗತಿಯನ್ನು ಅವಳಿಗೆ ಆಗ ಹೇಳಿದೆ. ಅವಳು ನನ್ನ ತಲೆಯ ಮೇಲೆ ಒಮ್ಮೆ ಕೈಯಾಡಿಸಿ ಒಳಗೆ ಹೋದಳು.

ಆದ್ದರಿಂದ ಮಾನ್ಯರೇ, ಹಿಂದಿನ ಎಲ್ಲ ಮನವಿಗಳನ್ನೂ ಬೇಷರತ್ತಾಗಿ ಹಿಂದಕ್ಕೆ ತೆಗೆದುಕೊಂಡು ಹೊಸದೊಂದನ್ನು ತಮ್ಮ ಹೆಡ್‌ಲೈಟಿನ ಮುಂದೆ ಇಡುತ್ತಿದ್ದೇನೆ. ನಾಳೆ ಬೆಳಗ್ಗೆ ನನ್ನ ಪಕ್ಕದಲ್ಲಿ ಒಂದು ಸಲ ನಿಲ್ಲಿ. ಬೆಲ್ಲದ ಕಾಫಿ ಕುಡಿಯುತ್ತೇನೆ, ಬೆಣ್ಣೆ ತಿನ್ನುತ್ತೇನೆ, ಸಕ್ಕರೆ ಎಷ್ಟು ಏರುತ್ತದೋ ಏರಲಿ. ಹನುಮಂತಯ್ಯನವರ ಮನಸ್ಸು ಇನ್ನೂ ಕರಗಿಲ್ಲವಾದರೆ ತಾವಾದರೂ ದೊಡ್ಡ ಮನಸ್ಸು ಮಾಡಿ ನನ್ನ ಮುಂದೆ ಬಂದಾಗ ಕೆಟ್ಟು ನಿಲ್ಲಿ. ಅವರ ಮಂಡಿಗೆ ತಮ್ಮನ್ನು ತಳ್ಳುವುದು ಆಗುವುದಿಲ್ಲ, ತೋಟದವರೆಗೂ ನಾನೇ ತಳ್ಳಿಕೊಂಡು ಬರುತ್ತೇನೆ. ಅಷ್ಟು ದೂರ ಅವರು ನನ್ನನ್ನು ಬಯ್ಯುತ್ತಲಾದರೂ ಜೊತೆಯಲ್ಲಿ ಬರಲೇಬೇಕಾಗುತ್ತದೆ.

ಇಂತಿ,
ತಮ್ಮ ಹಿಂದಿನ ಸೀಟಿನ ವಿಶ್ವಾಸಿ,
ನಟರಾಜ್

ಮರೆತ ಮಾತು: ದಿನಾ ಬೆಳಗ್ಗೆ ನಡೆಯಬೇಕೆಂದು ಡಾಕ್ಟರು ಈಗ ಮಾಲಿನಿಗೂ ಹೇಳಿದ್ದಾರೆ. ನಿನ್ನೆ ತಾವು ನನ್ನನ್ನು ದಾಟಿ ಹೋದಾಗ ಗೋಣಿಚೀಲದ ಮೇಲೆ ಕುಳಿತು ನನಗೆ ಕೈ ಬೀಸಿದವಳು ಅವಳೇ. ಇದನ್ನು ದೂರೆಂದು ದಾಖಲಿಸಿಕೊಳ್ಳಬೇಕಾಗಿಲ್ಲ, ಬರೀ ಹೊಟ್ಟೆಕಿಚ್ಚು.